ಗಾಲಿ ಹಾದ ಜಾಗದ ಹುಲ್ಲು

ಲಮ್ಸ್‌ಡೆನ್, ಸೌತ್‌ಲ್ಯಾಂಡ್
೧೭ ಮಾರ್ಚ್ ೧೯೯೬

ಮಗಳೇ ರೇವಿನ್,

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ತಡವಾಯಿತೆಂದು ಮುನಿಸಿಕೊಳ್ಳಬೇಡ, ಬೆನ್ನು ಹಿಡಿದುಕೊಂಡಿತ್ತು. ಪೆನ್ನು ಹಿಡಿಯುವುದಕ್ಕೂ ಬೆನ್ನಿಗೂ ಏನು ಸಂಬಂಧ ಎಂದು ನೀನು ಕೇಳುತ್ತೀ, ಗೊತ್ತು. ಅರವತ್ತೇಳು ತುಂಬಿದ ಮೇಲೆ ಎಲ್ಲಕ್ಕೂ ಎಲ್ಲದರ ಸಂಬಂಧ ಇರುತ್ತದೆ.

ಬೆನ್ನು ಹೋದದ್ದು ಹುಲ್ಲುಹಾಸಿನ ದೆಸೆಯಿಂದ. ಅಡುಗೆಮನೆಯ ಕಿಟಕಿಗೆ ನೇರವಾಗಿ ಆ ಎರಡು ಗೆರೆಗಳಿವೆಯಲ್ಲ, ನಿನ್ನ ಪಿಕಪ್ಪಿನ ಗಾಲಿ ಹಾದ ಜಾಗ, ಅದರ ತುದಿಯಲ್ಲಿ ಊಟದ ಮೇಜಿನಷ್ಟಗಲ ಬೋಳು ನೆಲ. ಎರಡು ವರ್ಷವಾದರೂ ಅಲ್ಲಿ ಒಂದು ಎಳೆ ನಿಂತಿಲ್ಲ. ಸುತ್ತಲಿನ ಹುಲ್ಲು ಹಚ್ಚಗೆ ಕೊಬ್ಬಿದೆ, ಅಲ್ಲಿ ಮಾತ್ರ ಬರೀ ಮಣ್ಣು. ಪೊಲೀಸರು ಗಾಡಿ ಎಳೆದೊಯ್ಯುವಾಗ ಎಂಜಿನ್ ಎಣ್ಣೆ ಸುರಿದಿತ್ತು, ಅದೇ ಕಾರಣ ಎಂದು ನನ್ನ ಊಹೆ. ಈ ಸಲ ಒಂದು ಗುದ್ದಲಿ ಆಳಕ್ಕೆ ಆ ಮಣ್ಣನ್ನೆಲ್ಲ ತೆಗೆದುಹಾಕಿ, ಒರೆಟಿ ಹೊಳೆಯ ದಂಡೆಯಿಂದ ಹದಿನಾಲ್ಕು ಚೀಲ ಮೆಕ್ಕಲುಮಣ್ಣು ತಂದು, ಜರಡಿ ಹಿಡಿದು, ಸುಣ್ಣ ಬೆರೆಸಿ ತುಂಬಿದ್ದೇನೆ. ಎರಡು ಮೂರು ವಾರ ಹಾಗೇ ಬಿಟ್ಟು, ಕಳೆ ಮೊಳೆತರೆ ಕಿತ್ತು, ಈಸ್ಟರ್ ಹೊತ್ತಿಗೆ ಬೀಜ ಹಾಕುತ್ತೇನೆ. ಮೇ ತಿಂಗಳಲ್ಲಿ ನಮ್ಮ ಚಳಿಗಾಲ ಶುರುವಾಗಿ ನೆಲ ಹೆಪ್ಪುಗಟ್ಟುವ ಮುಂಚೆ ಬೇರು ಇಳಿಯಬೇಕು. ಇಲ್ಲದಿದ್ದರೆ ಈ ವರ್ಷವೂ ಹೋದಂತೆಯೇ.

ಈಗ ನಿನ್ನ ವಿಷಯ. ಪೆರೋಲ್ ಮಂಡಳಿಯ ಫಾರಂ ಬಂತು. ಬಿಡುಗಡೆಯಾದರೆ ನೀನು ಇರುವ ಮನೆಯ ವಿಳಾಸ, ಮನೆಯ ಒಡೆಯರ ಒಪ್ಪಿಗೆ. ಮನೆ ನಮ್ಮಿಬ್ಬರ ಹೆಸರಿನಲ್ಲಿರುವುದರಿಂದ ಎರಡು ಸಹಿ ಬೇಕು. ನನ್ನದು ಬಂದ ದಿನವೇ ಹಾಕಿದೆ. ನಿಮ್ಮಮ್ಮ ಅದನ್ನು ಬ್ರೆಡ್ ಡಬ್ಬಿಯ ಕೆಳಗೆ ಸೇರಿಸಿ ಸುಮ್ಮನಾಗಿದ್ದಾಳೆ. ಮೊನ್ನೆ ಮೆಲ್ಲಗೆ ಬಾಯಿ ಬಿಟ್ಟೆ.

"ಥೆಲ್ಮಾ, ಅದಕ್ಕೊಂದು ಸಹಿ ಹಾಕ್ಬಿಟ್ರೆ..."

"ಎರಡು ವರ್ಷದಿಂದ ಅಲ್ಲಿ ಒಂದು ಎಳೆ ಹುಲ್ಲು ಬೆಳೆಸೋಕಾಗ್ಲಿಲ್ಲ ನಿನ್ ಕೈಲಿ. ಮೊದ್ಲು ಅದನ್ನ ಬೆಳೆಸಿ ತೋರ್ಸು. ಆಮೇಲೆ ನನ್ ಸಹಿ ಕೇಳುವಂತೆ."

ನೋಡು, ಒಪ್ಪಿದ ಹಾಗೇ ಆಯಿತು! ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇಷ್ಟು ಸುಲಭದ ಶರತ್ತನ್ನು ಅವಳು ಹಾಕಿದ್ದೇ ಇಲ್ಲ. ಕಿಟಕಿಯಿಂದ ಅದು ಕಾಣದ ಹಾಗಾದರೆ ಅವಳ ಮನಸ್ಸು ತಿರುಗುತ್ತದೆ. ನೀನು ಅವಳಿಗೆ ಏನೂ ಬರೆದು ಕೆಣಕಬೇಡ. ಹುಲ್ಲನ್ನು ನನಗೆ ಬಿಡು.

ನಿನ್ನ ಅಪ್ಪ,
ಹೆಕ್ಟರ್


ಮಹಿಳಾ ಸೆರೆಮನೆ
೨೬ ಮಾರ್ಚ್ ೧೯೯೬

ಅಪ್ಪ,

ನೀನು ಬರೆದ ಮೂರು ಪುಟದಲ್ಲಿ ಎರಡು ಪುಟ ಬರೀ ಮಣ್ಣು. ಅಮ್ಮ ಹೇಗಿದ್ದಾಳೆ ಎಂದು ಕೇಳಿದ್ದೆ. ಬ್ರೆಡ್ ಡಬ್ಬಿ ಎಂದು ಉತ್ತರ ಬಂತು. ಅಕ್ಕ ಹೇಗಿದ್ದಾಳೆ ಎಂದು ಕೇಳಿದ್ದೆ. ಅದಕ್ಕೆ ಉತ್ತರವೇ ಇಲ್ಲ. ನೋಲೀನ್ ನಮ್ಮ ಮನೆಯ ಕಡೆ ತಲೆ ಹಾಕುವುದಿಲ್ಲ ಎಂಬುದು ಗೊತ್ತು, ಆದರೂ ಹೊಟ್ಟೆಗೆ ತಿನ್ನುತ್ತಿದ್ದಾಳೋ ಇಲ್ಲವೋ ಅಷ್ಟಾದರೂ ಬರೆಯಬಹುದಿತ್ತು.

ಇಲ್ಲಿ ಬುಧವಾರದ ಗುಂಪಿನಲ್ಲಿ ನಾವು ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ಯಾರ ಮೇಲೂ ಹಾಕುವ ಹಾಗಿಲ್ಲ. ಈಗ ನಿನಗೂ ಹೇಳುತ್ತೇನೆ, ನಮ್ಮ ಮನೆಯಲ್ಲಿ ಯಾರೂ ಇದನ್ನು ಪೂರ್ತಿ ಹೇಳಿದ್ದೇ ಇಲ್ಲ. ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ನಮ್ಮ ತಂಡ ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ಮುಗಿಸಿದ ಸಂಜೆ ನಾನು ಏಳು ಬಿಯರ್ ಕುಡಿದೆ. ಗಾಡಿ ಓಡಿಸಿಕೊಂಡು ಬಂದೆ. ಯಾವಾಗಿನ ಹಾಗೆ ಗೇಟಿನಿಂದ ನೇರ ಹುಲ್ಲಿನ ಮೇಲೆ ಹತ್ತಿಸಿ ಅಡುಗೆಮನೆಯ ಬಾಗಿಲಿಗೆ ಬಂದೆ. ಅಕ್ಕನ ಮಗಳು ಕರ್ಸ್ಟಿ ಸ್ಪ್ರಿಂಕ್ಲರಿನ ನೀರಿನಲ್ಲಿ ಆಡುತ್ತಿದ್ದಳು. ಅವಳಿಗೆ ನಾಲ್ಕು ವರ್ಷ. ನಾನು ನೋಡಲಿಲ್ಲ. ನಾನು ಅವಳನ್ನು ಕೊಂದೆ.

ವಿಚಾರಣೆ ಜೂನ್ ೨೪ಕ್ಕೆ. ಫಾರಂ ಜೂನ್ ೧೪ರೊಳಗೆ ಇಲ್ಲಿ ಮುಟ್ಟಬೇಕು. ಮುಟ್ಟದಿದ್ದರೆ ಇನ್ನೂ ಹದಿನೆಂಟು ತಿಂಗಳು ಒಳಗೇ. ಅದಕ್ಕೆ ಹೆದರಿಲ್ಲ, ದಿನ ಎಣಿಸುವುದು ಅಭ್ಯಾಸವಾಗಿದೆ. ನನಗೆ ಬೇಕಿರುವುದು ಅಮ್ಮ ಇರುವ ಮನೆ. ಅವಳು ನನ್ನ ಮುಖ ನೋಡಿ ಉಗಿದರೂ ಸರಿ, ಅವಳ ಅಡುಗೆಮನೆಯಲ್ಲಿ ಕುಳಿತು ಉಗಿಸಿಕೊಳ್ಳಬೇಕು. ಎರಡು ವರ್ಷದಿಂದ ಅವಳು ಒಂದು ಸಾಲು ಬರೆದಿಲ್ಲ ಅಪ್ಪ. ಒಂದೇ ಒಂದು ಸಾಲು.

ಆ ನೆಲ ಹಸಿರಾದರೆ ಅಮ್ಮ ಸಹಿ ಹಾಕುತ್ತಾಳೆ ಎಂದು ನಿನಗೆ ನಿಜಕ್ಕೂ ಅನಿಸುತ್ತದೆಯೇ?

ರೇವಿನ್


ಲಮ್ಸ್‌ಡೆನ್
೧೪ ಏಪ್ರಿಲ್ ೧೯೯೬

ಮಗಳೇ,

ಬಂದಿದೆ!

ಈಸ್ಟರ್ ಶನಿವಾರ ಬಿತ್ತಿದೆ. ಬಿತ್ತುವ ಮೊದಲು ಮಣ್ಣನ್ನು ಹಿಮ್ಮಡಿಯಿಂದ ತುಳಿದು ಗಟ್ಟಿ ಮಾಡಬೇಕಲ್ಲ, ಬಾತುಕೋಳಿಯ ಹಾಗೆ ಕಾಲು ಕಾಲಿಗೆ ಅಂಟಿಸಿಕೊಂಡು ಆ ತುದಿಯಿಂದ ಈ ತುದಿಗೆ ತುಳಿಯುತ್ತಿದ್ದೆ. ಪಕ್ಕದ ಮನೆಯ ವಾಟಿ ಬೇಲಿಯ ಮೇಲೆ ಮೊಣಕೈ ಊರಿ ನೋಡುತ್ತಿದ್ದ. ಚೆಂಡುರುಳಿಸುವ ಬೌಲಿಂಗ್ ಕ್ಲಬ್ಬಿನ ಹುಲ್ಲಿಗೆ ಇಪ್ಪತ್ತಾರು ವರ್ಷ ಚಾಕರಿ ಮಾಡಿದವನು, ಪಿಂಚಣಿ ಬಂದರೂ ಬಾಯಿಗೆ ಬಿಡುವಿಲ್ಲ.

"ಏನಯ್ಯಾ ಹೆಕ್ಟರ್, ಡ್ಯಾನ್ಸ್ ಕಲೀತಿದೀಯಾ? ಜೋಡಿ ಎಲ್ಲಿ?"

"ನಿನ್ನನ್ನೇ ಕರೀತಿದ್ದೆ, ಸೊಂಟ ಮುರ್ಕೊಂಡೀಯ ಅಂತ ಬಿಟ್ಟೆ."

"ಬೀಜ ಯಾವ್ದು?"

"ಸಣ್ಣೆಲೆಯದ್ದು ಎರಡು ಪಾಲು, ರೈಹುಲ್ಲು ಒಂದು ಪಾಲು."

"ಒಳ್ಳೇದೇ. ಅರ್ಧ ಉದ್ದಕ್ಕೆ ಚೆಲ್ಲು, ಅರ್ಧ ಅಡ್ಡಕ್ಕೆ ಚೆಲ್ಲು. ಒಂದೇ ಕಡೆಯಿಂದ ಸುರೀಬೇಡ, ಕುರಿಗೆ ಮೇವು ಹಾಕ್ದಂಗೆ."

ಹಾಗೆಯೇ ಮಾಡಿದೆ. ಮೇಲೆ ಬೆರಳುಗುರಿನಷ್ಟು ದಪ್ಪಕ್ಕೆ ಮಣ್ಣು ಉದುರಿಸಿ, ಹಲಗೆ ಇಟ್ಟು ಒತ್ತಿದೆ. ಗುಬ್ಬಿ ಬಾರದಂತೆ ಗೂಟ ನೆಟ್ಟು ಕಪ್ಪು ದಾರ ಕಟ್ಟಿದೆ. ದಿನಾ ಬೆಳಿಗ್ಗೆ ಸಣ್ಣಗೆ ನೀರು. ಇವತ್ತಿಗೆ ಎಂಟು ದಿನ. ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗಿಸಿ ನೋಡಿದೆ, ತೆಳ್ಳಗೆ ಹಸಿರು ಕಾಣಿಸಿತು. ಎದ್ದು ನಿಂತರೆ ಏನೂ ಇಲ್ಲ, ಬಗ್ಗಿದರೆ ಇದೆ.

ನಿಮ್ಮಮ್ಮ ಕಿಟಕಿಯಲ್ಲಿ ನಿಂತಿದ್ದಳು. "ನೋಡಿದ್ಯೇನೇ?" ಎಂದು ಕೂಗಿದೆ. "ಕಾಣಿಸ್ತು" ಎಂದಳು. ಅಷ್ಟೇ. ಆದರೂ ಕಾಣಿಸಿತು ಎಂದಳಲ್ಲ, ಅದೇನು ಕಡಿಮೆಯೇ.

ನಿನ್ನ ಕಾಗದವನ್ನು ಓದಿದೆ. ಅದೆಲ್ಲ ಬಿಡಿಸಿ ಬರೆಯುವ ಅಗತ್ಯವಿರಲಿಲ್ಲ. ಆದದ್ದು ಆಗಿಹೋಯಿತು. ಗುಂಪಿನಲ್ಲಿ ಹೇಳಿಕೊಂಡು ತಿರುಗಿದರೆ ಯಾರಿಗೆ ಏನು ಲಾಭ? ನೋಲೀನ್ ಚೆನ್ನಾಗಿದ್ದಾಳೆ ಎಂದು ಅಂಗಡಿಯಲ್ಲಿ ಯಾರೋ ಹೇಳಿದರು. ನಿನ್ನ ಭಾವ ಗ್ರೇಮ್ ಕುರಿಗಳಿಗೆ ಹೊಸ ಬೇಲಿ ಹಾಕಿಸುತ್ತಿದ್ದಾನಂತೆ.

ನಿನ್ನ ಅಪ್ಪ,
ಹೆಕ್ಟರ್


ಲಮ್ಸ್‌ಡೆನ್
೫ ಮೇ ೧೯೯೬

ಮಗಳೇ,

ಹಾಳಾಗಿ ಹೋಯಿತು. ಎರಡು ಬೆರಳು ಎತ್ತರ ಬಂದಿತ್ತು, ಮೊದಲ ಸಲ ಕತ್ತರಿಸಲು ಯಂತ್ರದ ಅಲಗನ್ನೂ ಮಸೆದಿದ್ದೆ. ಹೋದ ಭಾನುವಾರ ನೋಡಿದರೆ ಎರಡು ಗೆರೆ, ಆ ಮೇಜಿನಗಲದ ಜಾಗ, ಎಲ್ಲ ಒಣಹುಲ್ಲಿನ ಬಣ್ಣ. ಸುತ್ತಲಿನದು ಹಾಗೇ ಹಸಿರು! ಗೆರೆ ಎಳೆದು ಕೊಯ್ದ ಹಾಗೆ. ತಲೆ ಕೆಟ್ಟು ಹೋಯಿತು ನನಗೆ. ಬೇರು ತಿನ್ನುವ ಹುಳುವೇ ಇರಬೇಕು, ಈ ಕಾಲದಲ್ಲಿ ಅದರದೇ ಕಾಟ. ವಾಟಿಯನ್ನು ಕರೆದೆ. ಅವನು ಬೇಲಿ ದಾಟಿ ಬಂದು, ಕುಕ್ಕರುಗಾಲಲ್ಲಿ ಕುಳಿತು, ಒಂದು ಹಿಡಿ ಹುಲ್ಲನ್ನು ಹಿಡಿದು ಎಳೆದ.

"ಹುಳ ಅಲ್ಲ ಕಣಯ್ಯಾ ಇದು. ಹುಳ ತಿಂದಿದ್ರೆ ಚಾಪೆ ಸುತ್ತಿದಂಗೆ ಕೈಗೆ ಎದ್ದು ಬರ್ತಿತ್ತು. ಬೇರು ಭದ್ರವಾಗಿದೆ ನೋಡು. ಮೇಲಿಂದ ಬೆಂದಿದೆ."

"ಬೇಯೋಕೆ ಬಿಸಿಲೆಲ್ಲೋ ಬಂತು ಮೇ ತಿಂಗಳಲ್ಲಿ?"

ಅವನು ತಲೆಯೆತ್ತಿ ಅಡುಗೆಮನೆಯ ಕಿಟಕಿಯನ್ನು ನೋಡಿದ. ಆಮೇಲೆ ಮಂಡಿಯ ಮಣ್ಣು ಕೊಡವಿಕೊಂಡು ಎದ್ದ.

"ನನ್ನನ್ಯಾಕೆ ಕೇಳ್ತೀಯಾ ಮಾರಾಯ? ಎರಡು ವರ್ಷದಿಂದ ಬಾಯಿ ಮುಚ್ಕೊಂಡಿದೀನಿ. ಇದ್ರಲ್ಲೂ ಮುಚ್ಕೊಂಡೇ ಇರ್ತೀನಿ."

ಮುದುಕನಿಗೆ ಅರಳುಮರಳು. ಗೊಬ್ಬರ ಹೆಚ್ಚಾಗಿ ಸುಟ್ಟಿರಬಹುದು, ನನ್ನದೇ ತಪ್ಪಿರಬಹುದು. ಒಣಗಿದ್ದನ್ನೆಲ್ಲ ಕೆರೆದು ತೆಗೆದು ಈಗ ಬರೀ ರೈಹುಲ್ಲು ಹಾಕಿದ್ದೇನೆ. ಅದು ಬೇಗ ಬರುವ ಜಾತಿ, ಒರಟಾದರೂ ಪರವಾಗಿಲ್ಲ. ಮೇಲೆ ಗೋಣಿತಟ್ಟು ಹೊದಿಸಿದ್ದೇನೆ. ನಿನ್ನೆ ಬೆಳಿಗ್ಗೆ ಬಕೆಟ್ಟಿನ ನೀರಿನ ಮೇಲೆ ಗಾಜಿನಷ್ಟು ತೆಳ್ಳಗೆ ಮಂಜುಗಡ್ಡೆ ಇತ್ತು. ಹತ್ತು ದಿನ ಬಿಸಿಲು ಕೊಟ್ಟರೆ ಸಾಕು, ಹತ್ತೇ ದಿನ.

ಫಾರಂ ಬ್ರೆಡ್ ಡಬ್ಬಿಯ ಕೆಳಗೇ ಇದೆ. ಕೇಳಲು ಮುಖವಿಲ್ಲ ನನಗೆ, ಶರತ್ತು ನಾನು ತೀರಿಸಿಲ್ಲವಲ್ಲ.

ಅಪ್ಪ


ಮಹಿಳಾ ಸೆರೆಮನೆ
೧೨ ಮೇ ೧೯೯೬

ಅಮ್ಮಾ,

ಇವತ್ತು ತಾಯಂದಿರ ದಿನವಂತೆ. ಇಲ್ಲಿ ಎಲ್ಲರಿಗೂ ಒಂದೊಂದು ಕಾರ್ಡು ಕೊಟ್ಟರು, ಮೇಲೆ ಗುಲಾಬಿ ಹೂವಿನ ಚಿತ್ರ. ಅದನ್ನು ನಿನಗೆ ಕಳಿಸಿದರೆ ಒಲೆಗೆ ಹಾಕುತ್ತೀ ಎಂದು ಬರೀ ಹಾಳೆಯಲ್ಲಿ ಬರೆಯುತ್ತಿದ್ದೇನೆ.

ಕೆಣಕಬೇಡ ಎಂದು ಅಪ್ಪ ಹೇಳಿದ್ದ. ಕೆಣಕುತ್ತಿಲ್ಲ, ಕೇಳುತ್ತಿದ್ದೇನೆ. ನೀನು ಸಹಿ ಹಾಕುತ್ತೀಯೋ ಇಲ್ಲವೋ? ಇಲ್ಲ ಎಂದಾದರೆ ಇಲ್ಲ ಎಂದು ಬರೆ. ನನಗೆ ಅದು ಸಲ್ಲಬೇಕಾದದ್ದೇ. ಅಪ್ಪ ಪ್ರತಿ ಕಾಗದದಲ್ಲೂ ಬೀಜ, ಗೊಬ್ಬರ, ಹುಳು ಎಂದು ಬರೆಯುತ್ತಾನೆ. ಓದಿ ಓದಿ ನನಗೆ ಹುಚ್ಚು ಹಿಡಿಯುತ್ತಿದೆ. ಅವನಿಗೆ ಅಲ್ಲಿ ಏನಾಗುತ್ತಿದೆ ಎಂದು ಗೊತ್ತಿಲ್ಲ. ನಿನಗೆ ಗೊತ್ತು ಎಂದು ನನಗೆ ಅನಿಸುತ್ತಿದೆ.

ನಿನ್ನ
ರೇವಿನ್


ಲಮ್ಸ್‌ಡೆನ್
೨೦ ಮೇ ೧೯೯೬

ರೇವಿನ್,

ನನಗೆ ಕಾಗದ ಬರೆಯಲು ಬರುವುದಿಲ್ಲ. ನಿಮ್ಮಪ್ಪನ ಹಾಗೆ ಸುತ್ತಿಬಳಸಲು ಮೊದಲೇ ಬರುವುದಿಲ್ಲ.

ಹುಲ್ಲನ್ನು ಕೊಲ್ಲುತ್ತಿರುವುದು ನಾನು. ಶನಿವಾರ ಬೆಳಿಗ್ಗೆ ಅವನು ಪೇಟೆಗೆ ಹೋದ ಮೇಲೆ ಎರಡು ಕೆಟಲ್ ಕುದಿಯುವ ನೀರು. ಕಾಲುದಾರಿಯ ಕಲ್ಲುಸಂದಿನ ಕಳೆಗೆ ಹಾಕುವ ಹಾಗೆಯೇ, ನಿಧಾನವಾಗಿ, ಒಂದು ಗೆರೆ ಆದ ಮೇಲೆ ಇನ್ನೊಂದು. ಗೋಣಿತಟ್ಟು ಎತ್ತಿ ಹಾಕಿ ಮತ್ತೆ ಹೊದಿಸುತ್ತೇನೆ.

ಮೊದಲ ಸಲ ಹಾಗೆ ಮಾಡಿದ್ದು ನಿನಗೆ ಶಿಕ್ಷೆಯಾದ ವಾರ. ಅಲ್ಲಿ ತಾನಾಗಿಯೇ ಚಿಗುರುತ್ತಿತ್ತು. ನಿಮ್ಮಪ್ಪ ಕಿಟಕಿಯಲ್ಲಿ ನಿಂತು ಚಹಾ ಕುಡಿಯುತ್ತ, "ನೋಡು ಥೆಲ್ಮಾ, ಇನ್ನೊಂದು ತಿಂಗ್ಳಲ್ಲಿ ಗೊತ್ತೇ ಆಗಲ್ಲ" ಎಂದ. ಗೊತ್ತೇ ಆಗುವುದಿಲ್ಲವಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಅವನು ಆಚೆ ಹೋದ ಕೂಡಲೇ ಒಲೆಯ ಮೇಲಿದ್ದ ಕೆಟಲ್ ತೆಗೆದುಕೊಂಡು ಹೊರಗೆ ನಡೆದೆ.

ಯಾಕೆ ಎಂಬುದನ್ನೂ ಕೇಳು. ಆ ದಿನ ಕರ್ಸ್ಟಿಯನ್ನು ನೋಡಿಕೊಳ್ಳಬೇಕಾಗಿದ್ದದ್ದು ನಾನಲ್ಲ. ನಾನು ಜಾಮ್ ಕುದಿಸುತ್ತಿದ್ದೆ. "ಒಲೆ ಬಿಟ್ಟು ಬರೋಕಾಗಲ್ಲ, ಮಗೂನ ನೋಡ್ಕೋ" ಎಂದು ನಿಮ್ಮಪ್ಪನಿಗೆ ಹೇಳಿದೆ. "ನೋಡ್ಕೋತೀನಿ ಹೋಗೇ" ಎಂದ. ಆಮೇಲೆ ಬೇಲಿ ದಾಟಿ ವಾಟಿಯ ಹೊಸ ಹುಲ್ಲುಯಂತ್ರ ನೋಡಲು ಹೋದ. ನಿನ್ನ ಗಾಡಿಯ ಸದ್ದು ಅಲ್ಲಿಂದಲೇ ಕೇಳಿದ್ದಾನೆ. ಪೊಲೀಸರು ಬಂದು ಕೇಳಿದರೆ, "ಮಗು ಅಜ್ಜಿ ಜೊತೆ ಇತ್ತು" ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದ್ದಾನೆ, ಸಂಜೆಯೊಳಗೆ ಸರಿಪಡಿಸುತ್ತಾನೆ ಎಂದು ಸುಮ್ಮನಿದ್ದೆ. ಆ ಸಂಜೆ ಇನ್ನೂ ಬಂದಿಲ್ಲ.

ಮಣ್ಣು ಮಾಡಿದ ದಿನ ನೋಲೀನ್ ಚರ್ಚಿನ ಬಾಗಿಲಲ್ಲಿ ಎಲ್ಲರೆದುರು ನನ್ನ ತೋಳು ಹಿಡಿದು, "ಕಿಟಕೀಲೇ ಇದ್ಯಲ್ಲಮ್ಮಾ, ಒಂದ್ಸಲ ತಲೆ ಎತ್ತಿ ನೋಡೋಕಾಗ್ಲಿಲ್ವಾ?" ಎಂದಳು. ನಿಮ್ಮಪ್ಪ ನನ್ನ ಪಕ್ಕದಲ್ಲಿ ನಿಂತು ತನ್ನ ಬೂಟು ನೋಡಿಕೊಂಡ. ಆಮೇಲೆ ಅವಳು ನನ್ನ ಜೊತೆ ಒಂದು ಮಾತಾಡಿಲ್ಲ. ನಾನೇ ಹೇಳಬಹುದಿತ್ತು, ನಿಜ. ನಾನು ಹೇಳಿದರೆ ಅದು ನುಣುಚಿಕೊಳ್ಳುವ ಮಾತಾಗುತ್ತಿತ್ತು. ಅವನ ಬಾಯಿಂದ ಬರಬೇಕು.

ನಿನ್ನ ಮೇಲಿನ ಸಿಟ್ಟಿಗೆ ಸಹಿ ತಡೆದಿಲ್ಲ. ಸಿಟ್ಟಿಲ್ಲ ಎಂದೂ ಅಲ್ಲ. ಆದರೆ ನೀನು ಮಾಡಿದ್ದನ್ನು ಒಪ್ಪಿಕೊಂಡು ಒಳಗೆ ಕುಳಿತಿದ್ದೀ. ಅವನು ಹೊರಗೆ ಕುಳಿತು ಬಿತ್ತುತ್ತಿದ್ದಾನೆ. ಅವನು ನೋಲೀನ್ ಎದುರು ನಿಂತು ಹೇಳಿದ ದಿನ ನಾನು ಸಹಿ ಹಾಕುತ್ತೇನೆ. ಇದನ್ನು ಅವನಿಗೆ ನಾನಂತೂ ಹೇಳುವುದಿಲ್ಲ. ನೀನು ಹೇಳುತ್ತೀಯೋ ಬಿಡುತ್ತೀಯೋ ನಿನ್ನಿಷ್ಟ.

ಅಮ್ಮ


ಮಹಿಳಾ ಸೆರೆಮನೆ
೨೭ ಮೇ ೧೯೯೬

ಅಪ್ಪ,

ಬೀಜ ಹಾಕುವುದನ್ನು ನಿಲ್ಲಿಸು. ಅಮ್ಮ ನನಗೆ ಬರೆದಿದ್ದಾಳೆ.

ಹುಳುವೂ ಅಲ್ಲ, ಗೊಬ್ಬರವೂ ಅಲ್ಲ, ಎಣ್ಣೆಯೂ ಅಲ್ಲ. ನೀನು ಪೇಟೆಗೆ ಹೋದಾಗ ಅಮ್ಮ ಅಲ್ಲಿಗೆ ಕುದಿಯುವ ನೀರು ಹಾಕುತ್ತಾಳೆ. ವಾಟಿಗೆ ಅರಳುಮರಳಲ್ಲ, ಅವನಿಗೆ ಮೊದಲ ನೋಟಕ್ಕೇ ಗೊತ್ತಾಗಿದೆ. ಆ ಸಂಜೆ ನೀನು ಅವನ ಅಂಗಳದಲ್ಲಿದ್ದೆ ಎಂಬುದೂ ಅವನಿಗೆ ಗೊತ್ತು. ಈಗ ನನಗೂ ಗೊತ್ತು.

ಎರಡು ದಿನ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ನನ್ನ ಜೊತೆಯ ಹೆಂಗಸು ಎದ್ದು ಕುಳಿತು, "ಯಾರಿಗೇ ಈ ಮಂಗಳಾರತಿ?" ಎಂದು ಕೇಳಿದಳು. ಮೂರನೇ ದಿನ ಸಿಟ್ಟು ಇಳಿಯಿತು. ನೀನು ಅಲ್ಲೇ ನಿಂತಿದ್ದರೂ ನಾನು ಕುಡಿದೇ ಬರುತ್ತಿದ್ದೆ. ನನ್ನ ಪಾಲು ನಿನ್ನಿಂದ ಒಂದು ಗುಂಜಿಯೂ ಕಡಿಮೆಯಾಗುವುದಿಲ್ಲ, ನನಗೆ ಅದು ಬೇಕಾಗಿಯೂ ಇಲ್ಲ. ಆದರೆ ನಿನ್ನ ಪಾಲನ್ನು ಎರಡು ವರ್ಷದಿಂದ ಅಮ್ಮ ಹೊತ್ತಿದ್ದಾಳೆ, ನೀನು ಅವಳ ಎದುರೇ ಕುಳಿತು ಉಂಡಿದ್ದೀ. ಅದು ಹೇಗೆ ಗಂಟಲಲ್ಲಿ ಇಳಿಯಿತು ಅಪ್ಪ?

ಅಕ್ಕನ ಹತ್ತಿರ ಹೋಗು. ಹೇಳು. ಹೇಳಿದರೆ ಅಮ್ಮ ಸಹಿ ಹಾಕುತ್ತಾಳೆ. ಇದನ್ನು ನನ್ನ ಬಿಡುಗಡೆಗಾಗಿ ಹೇಳುತ್ತಿದ್ದೇನೆ ಎಂದು ನಿನಗೆ ಅನಿಸಿದರೆ, ಹೌದು, ಅದಕ್ಕೂ ಹೇಳುತ್ತಿದ್ದೇನೆ. ಮನೆಗೆ ಬರಬೇಕು ನನಗೆ. ಜೂನ್ ೧೪, ಮರೆಯಬೇಡ.

ರೇವಿನ್


ಲಮ್ಸ್‌ಡೆನ್
೬ ಜೂನ್ ೧೯೯೬

ರೇವಿನ್,

ನಿನ್ನ ಕಾಗದ ಮುಟ್ಟಿತು. ನಿಮ್ಮಮ್ಮ ಎಂದಿನಂತೆ ಊಟ ಬಡಿಸಿದಳು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಶನಿವಾರ ಪೇಟೆಗೆ ಹೋಗದೆ ಮನೆಯಲ್ಲೇ ಉಳಿದೆ. ಅವಳು ಕೆಟಲ್ ಇಟ್ಟು ಚಹಾ ಮಾಡಿ ನನ್ನ ಮುಂದಿಟ್ಟಳು. ಇಬ್ಬರಿಗೂ ಗೊತ್ತಿದೆ ಎಂದು ಇಬ್ಬರಿಗೂ ಗೊತ್ತಿತ್ತು.

ನಿನ್ನೆ ಬ್ಯಾಲ್ಫೋರಿಗೆ, ನಿನ್ನ ಅಕ್ಕನ ಊರಿಗೆ ಹೋದೆ. ಅರ್ಧ ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು. ನಡುವೆ ಮೂರು ಸಲ ಗಾಡಿ ನಿಲ್ಲಿಸಿದೆ, ಒಂದು ಸಲ ವಾಪಸ್ಸು ತಿರುಗಿಸಿಯೂ ಆಗಿತ್ತು. ನೋಲೀನ್ ಹಿಂದಿನ ಹೊಲದಲ್ಲಿ ಕುರಿಗಳಿಗೆ ಟರ್ನಿಪ್ ಗಡ್ಡೆ ಕಡಿಯುತ್ತಿದ್ದಳು. ತುಂಬಾ ಬಡಕಲಾಗಿದ್ದಾಳೆ. ನೀನು ಕೇಳಿದ್ದೆಯಲ್ಲ, ಹೊಟ್ಟೆಗೆ ತಿನ್ನುತ್ತಿದ್ದಾಳೋ ಎಂದು. ಇಲ್ಲ.

"ಏನಪ್ಪಾ, ದಾರಿ ತಪ್ಪಿ ಬಂದ್ಯಾ?"

ನಾನು ಚಳಿಯ ಮಾತು ತೆಗೆದೆ. ಹುಲ್ಲಿನ ಮಾತೂ ತೆಗೆದೆ, ಥೂ ನನ್ನ. ಬೇರು ಹಿಡಿಯಲಿಲ್ಲ ನೋಡು ಎಂದೆ. ಅವಳು ಕತ್ತಿ ಎತ್ತಿ ಮತ್ತೆ ಕಡಿಯತೊಡಗಿದಳು. ಆಗ ಹೇಳಿಬಿಟ್ಟೆ.

"ಅವತ್ತು ಕರ್ಸ್ಟೀನ ನೋಡ್ಕೋತೀನಿ ಅಂದಿದ್ದು ನಾನು. ನಿಮ್ಮಮ್ಮ ಅಲ್ಲ. ನಾನು ವಾಟಿ ಮನೇಲಿದ್ದೆ."

"ಅಮ್ಮನ ಜೊತೆ ಇತ್ತು ಅಂದಿದ್ಯಲ್ಲ."

"ಸುಳ್ಳು ಹೇಳ್ದೆ."

"ಯಾಕೆ?"

ಹೆದರಿಕೆ ಎನ್ನೋಣವೆಂದರೆ ಹೆದರಿಕೆ ಒಂದು ದಿನ ಇರುತ್ತದೆ, ಎರಡು ವರ್ಷ ಇರುವುದಿಲ್ಲ. ಅವಳು ಕತ್ತಿ ಕೆಳಗಿಟ್ಟು, ಕೈಗವಸು ಕಳಚಿ ಬೇಲಿಯ ಮೇಲೆ ಹಾಕಿದಳು.

"ಎರಡು ವರ್ಷ ನಾನು ಅಮ್ಮನ ಮುಖ ನೋಡ್ಲಿಲ್ಲ ಅಪ್ಪಾ. ಅಂಗಡೀಲಿ ಕಂಡ್ರೆ ಬೇರೆ ಸಾಲಿಗೆ ಹೋಗ್ತಿದ್ದೆ. ನೀನು ನೋಡ್ತಾ ನಿಂತಿರ್ತಿದ್ದೆ. ನಿನ್ನ ಬಾಯಲ್ಲಿ ಏನಿತ್ತು ಆಗ?"

ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. "ಹೋಗು" ಎಂದಳು. ನಾನು ಕದಲದೆ ನಿಂತದ್ದನ್ನು ನೋಡಿ, "ಗ್ರೇಮ್ ಬರೋದ್ರೊಳಗೆ ಹೊರಡು, ಅವನು ನಿನ್ನನ್ನ ಹೊಡೆದು ಹಾಕ್ತಾನೆ" ಎಂದಳು. ನನ್ನ ಗಾಡಿ ಗೇಟು ದಾಟುವಷ್ಟರಲ್ಲಿ ಅವಳ ಕಾರು ನನ್ನನ್ನು ಹಿಂದೆ ಹಾಕಿ ಲಮ್ಸ್‌ಡೆನ್ ಕಡೆ ಹೋಯಿತು. ನಾನು ಮನೆಗೆ ಬಂದಾಗ ಅಡುಗೆಮನೆಯ ಬಾಗಿಲು ಒಳಗಿನಿಂದ ಮುಚ್ಚಿತ್ತು. ಇಬ್ಬರೂ ಒಳಗಿದ್ದರು. ಕತ್ತಲಾಗುವವರೆಗೂ ನಾನು ಗಾಡಿಯಲ್ಲೇ ಕುಳಿತಿದ್ದೆ.

ನೀನು ಹೇಳಿದ್ದನ್ನು ಮಾಡಿದ್ದೇನೆ. ಮನಸ್ಸು ಹಗುರಾಯಿತು ಎಂದು ಬರೆಯಲಾರೆ, ಆಗಿಲ್ಲ.

ಅಪ್ಪ


ಲಮ್ಸ್‌ಡೆನ್
೯ ಜೂನ್ ೧೯೯೬

ರೇವಿನ್,

ಸಹಿ ಹಾಕಿದ್ದೇನೆ. ಶುಕ್ರವಾರ ನಾನೇ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಿದೆ. ಮಂಗಳವಾರ ಮುಟ್ಟುತ್ತದೆ ಎಂದರು. ಹಾಗಾಗಿ ಆ ಚಿಂತೆ ನಿನಗೆ ಬೇಡ.

ಬುಧವಾರ ನೋಲೀನ್ ಬಂದಿದ್ದಳು. ಬಾಗಿಲಲ್ಲಿ ನಿಂತು ತುಂಬ ಹೊತ್ತು ಒಳಗೆ ಬರಲಿಲ್ಲ. ಬಂದ ಮೇಲೆ ಕ್ಷಮೆ ಗಿಮೆ ಎಂದು ಏನೂ ಕೇಳಲಿಲ್ಲ, ಕೇಳಿದ್ದರೆ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. "ಅವತ್ತು ಮಧ್ಯಾಹ್ನ ಅವಳು ಏನ್ ತಿಂದ್ಲಮ್ಮಾ?" ಎಂದಳು. ಎರಡು ವರ್ಷದಲ್ಲಿ ಅದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಒಂದು ಚೀಸ್ ರೋಲಿನ ಅರ್ಧ ತಿಂದಳು, ಅಂಚು ಬಿಟ್ಟಳು, ಜಾಮ್ ಆಗುವವರೆಗೆ ಕಾಯುತ್ತೇನೆ ಎಂದಳು ಎಂದು ಹೇಳಿದೆ. ಆಮೇಲೆ ಇಬ್ಬರೂ ಅತ್ತೆವು. ಇಷ್ಟು ದಿನ ಒಬ್ಬೊಬ್ಬರೇ ಅತ್ತದ್ದೆಲ್ಲ ಅಳುವೇ ಅಲ್ಲ.

ನಾನು ಇವತ್ತು ಅವಳ ಜೊತೆ ಬ್ಯಾಲ್ಫೋರಿಗೆ ಹೊರಟಿದ್ದೇನೆ. ನಾಲ್ಕು ದಿನಕ್ಕಲ್ಲ. ಬಟ್ಟೆ ಕಟ್ಟಿ ಆಗಿದೆ, ಅವಳು ಹೊರಗೆ ಕಾರಿನಲ್ಲಿ ಕಾಯುತ್ತಿದ್ದಾಳೆ. ನಿಮ್ಮಪ್ಪನಿಗೆ ಹೇಳಿದ್ದೇನೆ. "ಹುಲ್ಲು..." ಎಂದು ಏನೋ ಶುರು ಮಾಡಿದ, ನಾನು ನಿಂತು ಕೇಳಲಿಲ್ಲ. ಅಲ್ಲಿಗೆ ಇನ್ನು ನಾನು ಕೈ ಹಚ್ಚುವುದಿಲ್ಲ. ನೆಲ ಹೆಪ್ಪುಗಟ್ಟಿದೆ, ಈ ವರ್ಷ ಏನು ಚೆಲ್ಲಿದರೂ ಬರುವುದಿಲ್ಲ.

ಇದನ್ನು ಅವನಿಂದ ಕೇಳಿ ತಿಳಿಯುವುದಕ್ಕಿಂತ ನನ್ನಿಂದ ತಿಳಿ. ನೋಲೀನ್ ನನ್ನನ್ನು ಕರೆದಾಗ ಒಂದೇ ಮಾತು ಕೇಳಿದಳು. ನೀನು ಹೊರಗೆ ಬಂದ ಮೇಲೆ ನಾನು ನಿನ್ನನ್ನು ನೋಡಬಾರದು. ನಿನ್ನನ್ನು ನೋಡಿದ ಕಣ್ಣಲ್ಲಿ ಅವಳನ್ನು ನೋಡಿದರೆ ಅವಳಿಗೆ ತಡೆಯುವುದಿಲ್ಲವಂತೆ. ತಪ್ಪು ಎನ್ನಲು ನನ್ನಿಂದ ಆಗಲಿಲ್ಲ. ಮಗು ಹೋದದ್ದು ಅವಳದು. ನನಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬಳನ್ನು ಆರಿಸಿಕೋ ಎಂದರು, ಆರಿಸಿಕೊಂಡೆ. ನಿನ್ನನ್ನು ದ್ವೇಷಿಸಲು ಎರಡು ವರ್ಷ ಪ್ರಯತ್ನಪಟ್ಟೆ. ಆಗಲಿಲ್ಲ. ಅದನ್ನು ಅವಳಿಗೆ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ನಿನ್ನ ಕೋಣೆ ಗುಡಿಸಿ ಒರೆಸಿದ್ದೇನೆ. ಹಾಸಿಗೆಗೆ ಒಗೆದ ಹೊದಿಕೆ ಇದೆ. ನಿಮ್ಮಪ್ಪನಿಗೆ ಒಂದು ಮೊಟ್ಟೆ ಬೇಯಿಸಲೂ ಬರುವುದಿಲ್ಲ, ಅವನಿಗೆ ಅಡುಗೆ ನೀನೇ ಮಾಡಬೇಕು. ನನಗೆ ಕಾಗದ ಬರೆಯಬೇಡ.

ಅಮ್ಮ